ಕೂಗುವ ಬೀಗ: ಪುಣೆಯ ಗಲ್ಲಿಯಲ್ಲಿ ಅಲಾರಂ ಡಿಸ್ಕ್ ಲಾಕ್

ಪುಣೆಯ ಹಳೆಯ ಪೇಠಗಳಲ್ಲಾಗಲಿ, ಧನಕವಡಿ, ಕಾತ್ರಜ್ ಕಡೆಯ ಸೊಸೈಟಿಗಳಲ್ಲಾಗಲಿ, ರಾತ್ರಿ ತಡವಾಗಿ ಮನೆಗೆ ಬಂದವರ ಬೈಕಿಗೆ ಗೇಟಿನೊಳಗೆ ಜಾಗ ಸಿಗುವುದು ಅಪರೂಪ, ಗಲ್ಲಿಯೇ ಗತಿ. ಹಾಗೆ ಹೊರಗೆ ನಿಲ್ಲುವ ನನ್ನ 150 ಸಿಸಿ ಬೈಕಿಗೆಂದು, ನಾನಾ ಪೇಠದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸುಮಾರು 600 ರೂಪಾಯಿ ಕೊಟ್ಟು ಕೊಂಡ ಅಲಾರಂ ಡಿಸ್ಕ್ ಲಾಕನ್ನು (ಬ್ರೇಕ್ ಡಿಸ್ಕಿಗೆ ಹಾಕುವ, ಗಾಡಿ ಅಲುಗಿದರೆ ಕೂಗುವ ಬೀಗ) ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬ್ರ್ಯಾಂಡಿನ ಹೆಸರು ಹೇಳಿ ಪ್ರಯೋಜನವಿಲ್ಲ, ಏಕೆಂದರೆ ಇದೇ ನಮೂನೆಯ ಬೀಗ ಹಲವು ಹೆಸರುಗಳ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತದೆ.

ಬೈಕಿನ ಜೊತೆಗೇ ಬರುವ ಹ್ಯಾಂಡಲ್ ಲಾಕ್ ಸಾಲದೇ ಎಂದು ಕೇಳುವವರು ನೋ-ಪಾರ್ಕಿಂಗ್‌ನಲ್ಲಿ ನಿಂತ ವಾಹನಗಳನ್ನು ಟ್ರಾಫಿಕ್ ಪೊಲೀಸರ ಟೆಂಪೋಗೆ ಏರಿಸುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಹ್ಯಾಂಡಲ್ ಲಾಕ್ ಆಗಿರುವ, ಹತ್ತಿರ ಹತ್ತಿರ 150 ಕೆ.ಜಿ. ತೂಗುವ ಬೈಕನ್ನು ಮೂರ್ನಾಲ್ಕು ಹುಡುಗರು ನಿಮಿಷದೊಳಗೆ ಎತ್ತಿ ಮೇಲಿಡುತ್ತಾರೆ. ಕಳ್ಳನಿಗಂತೂ ಎತ್ತುವ ಶ್ರಮವೂ ಬೇಕಿಲ್ಲ. ಹ್ಯಾಂಡಲನ್ನು ಜೋರಾಗಿ ತಿರುಗಿಸಿದರೆ ಒಳಗಿನ ಸಣ್ಣ ಲೋಹದ ಕಡ್ಡಿ ಮುರಿಯುತ್ತದೆ, ಆಮೇಲೆ ಇಗ್ನಿಷನ್ ವೈರುಗಳನ್ನು ಜೋಡಿಸಿದರೆ ಹಳೆಯ ಮಾದರಿಯ ಗಾಡಿ ಕೀಲಿಯಿಲ್ಲದೆಯೇ ಹೊರಡುತ್ತದೆ.

ಅಲಾರಂ ಡಿಸ್ಕ್ ಲಾಕಿನ ರಚನೆ ಸರಳವಾಗಿದೆ. ಉಕ್ಕಿನ ಪಿನ್ ಒಂದು ಬ್ರೇಕ್ ಡಿಸ್ಕಿನ ತೂತಿನೊಳಗೆ ಹಾದುಹೋಗುತ್ತದೆ. ಯಾರಾದರೂ ಗಾಡಿಯನ್ನು ಉರುಳಿಸಲು ನೋಡಿದರೆ ಬೀಗವು ಕ್ಯಾಲಿಪರ್‌ಗೋ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಚಕ್ರವನ್ನು ಹಿಡಿದಿರುವ ಫೋರ್ಕಿಗೋ ಬಡಿದು ಚಕ್ರವನ್ನು ನಿಲ್ಲಿಸುತ್ತದೆ. ಒಳಗೆ ಆರು ಎಲ್‌ಆರ್44 ಬಟನ್ ಸೆಲ್ಲುಗಳು, ಅಲುಗಾಟ ಗ್ರಹಿಸುವ ಸೆನ್ಸರ್, ಪುಟ್ಟ ಸೈರನ್ ಇವೆ. ಬೀಗ ಒತ್ತಿದ ಕೆಲವು ಸೆಕೆಂಡುಗಳ ನಂತರ ಸೆನ್ಸರ್ ಎಚ್ಚರವಾಗುತ್ತದೆ. ಮೊದಲ ಅಲುಗಾಟಕ್ಕೆ ಸಣ್ಣಗೆ ಬೀಪ್ ಎಂದು ಎಚ್ಚರಿಸಿ, ಅಲುಗಾಟ ಮುಂದುವರಿದರೆ ಮಾತ್ರ ಪೂರ್ತಿ ದನಿಯಲ್ಲಿ ಕೂಗುತ್ತದೆ. ಪೆಟ್ಟಿಗೆಯ ಮೇಲೆ 110 ಡೆಸಿಬೆಲ್ ಎಂದು ಬರೆದಿದೆ. ಅಳೆಯುವ ಸಾಧನ ನನ್ನಲ್ಲಿಲ್ಲ, ಆದರೆ ಎರಡನೆಯ ಮಹಡಿಯಲ್ಲಿ ಮಲಗಿದ್ದವನನ್ನು ಎಬ್ಬಿಸುವುದಕ್ಕೆ ಆ ದನಿ ಧಾರಾಳವಾಯಿತು.

ಈ ಬೀಗದ ಬೆಲೆಯೆಲ್ಲ ಇರುವುದು ಕೇಳುವ ಕಿವಿಯಲ್ಲಿ. ಮನೆಯ ಕಿಟಕಿಯ ಕೆಳಗೆ, ಅಂಗಡಿಯ ಮುಂದೆ, ಅಥವಾ ಎರಂಡವಣೆಯ ಗಣೇಶನಗರದ ಕನ್ನಡ ಸಂಘದಲ್ಲಿ ಕಾರ್ಯಕ್ರಮಕ್ಕೆಂದು ಹೋಗಿ ಪಕ್ಕದ ರಸ್ತೆಯಲ್ಲಿ ಗಾಡಿ ನಿಲ್ಲಿಸಿದಾಗ ಅದು ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುತ್ತದೆ. ಶುಕ್ರವಾರ ರಾತ್ರಿ ಸ್ವಾರಗೇಟ್ ಬಳಿ ಬೈಕ್ ಬಿಟ್ಟು ಬೆಳಗಾವಿಯ ಬಸ್ಸು ಹತ್ತಿದವರಿಗೆ ಮಾತ್ರ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಅಲ್ಲಿ ಸೈರನ್ ಕೂಗಿದರೂ ಹಾರ್ನುಗಳ ನಡುವೆ ಯಾರೂ ತಿರುಗಿ ನೋಡುವುದಿಲ್ಲ. ಅಂಥ ಜಾಗದಲ್ಲಿ ಬೇಕಾಗಿರುವುದು ದಪ್ಪ ಕೊಂಡಿಗಳ ಗಟ್ಟಿ ಉಕ್ಕಿನ ಸರಪಳಿ. ಅದನ್ನು ಹಿಂದಿನ ಚಕ್ರ ಮತ್ತು ಫ್ರೇಮಿನ ಮೂಲಕ ಹಾಯಿಸಿ, ನೆಲಕ್ಕೆ ಹೂತ ಕಂಬಕ್ಕೆ ಬಿಗಿಯಬೇಕು. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ ಚಕ್ರವನ್ನು ಬಿಚ್ಚಿಟ್ಟು ಉಳಿದುದನ್ನು ಒಯ್ಯಬಹುದು. ಸರಪಳಿ ನೆಲಕ್ಕೆ ತಾಗದಂತೆ ಎತ್ತರದಲ್ಲಿರುವುದೂ ಮುಖ್ಯ, ಏಕೆಂದರೆ ಸರಪಳಿ ತುಂಡರಿಸುವ ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿದಾಗ ಅದರ ಬಲ ಬಹಳ ಹೆಚ್ಚುತ್ತದೆ. ಪಿ1, ಪಿ2 ಫಲಕಗಳಿರುವ ರಸ್ತೆಯಲ್ಲಿ ಸಮ ಮತ್ತು ಬೆಸ ತಾರೀಕಿಗೆ ತಕ್ಕಂತೆ ಗಾಡಿ ನಿಲ್ಲಿಸಬೇಕಾದ ಬದಿ ಬದಲಾಗುವುದರಿಂದ, ಎರಡು ದಿನ ಊರಿಗೆ ಹೋಗುವವರಿಗೆ ಶುಲ್ಕ ಕೊಟ್ಟು ನಿಲ್ಲಿಸುವ ತಾಣವೇ ಮೇಲು. ಅಂಥ ಕಡೆ ಕೊಡುವ ಚೀಟಿಯ ಮೇಲೂ ವಾಹನದ ಹೊಣೆ ಮಾಲೀಕರದೇ ಎಂದು ಅಚ್ಚಾಗಿರುವುದುಂಟು.

ದೋಷಗಳಲ್ಲಿ ದೊಡ್ಡದು ಸುಳ್ಳು ಕೂಗು. ಪಕ್ಕದ ಸ್ಕೂಟರ್ ತೆಗೆಯುವಾಗ ಹ್ಯಾಂಡಲ್ ತಗುಲಿದರೂ ಸಾಕು, ಬೀಗ ಕಿರುಚುತ್ತದೆ. ಗಣೇಶೋತ್ಸವದಲ್ಲಿ ಢೋಲ್ ತಾಶಾ ಪಥಕ ಗಲ್ಲಿಯೊಳಗೆ ಬಂದಾಗ ಅದು ತಾನೂ ಮೇಳಕ್ಕೆ ಸೇರಿಕೊಂಡಿತು. ನೆರೆಯವರು ಆ ದಿನ ಕ್ಷಮಿಸಿದರು, ಉಳಿದ ದಿನಗಳ ಮಾತು ಬೇರೆ. ಪದೇ ಪದೇ ಹೀಗಾದರೆ ನಿಜವಾದ ಕೂಗಿಗೂ ಯಾರೂ ಕಿಟಕಿ ತೆರೆಯುವುದಿಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ. ಇದಲ್ಲದೆ ಆಗಸ್ಟಿನ ಹೊತ್ತಿಗೆ ಸೆಲ್ಲುಗಳ ಮುಚ್ಚಳದೊಳಗೆ ತೇವ ಸೇರಿ ದನಿ ಕುಗ್ಗಿತು. ಮುಚ್ಚಳದ ರಬ್ಬರ್ ಉಂಗುರಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ಸೆಲ್ಲುಗಳನ್ನು ಬದಲಿಸಿದ ಮೇಲೆ ಮತ್ತೆ ಸರಿಹೋಯಿತು. ಸೆಲ್ ಸತ್ತರೂ ಪಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ಸಮಾಧಾನದ ಸಂಗತಿ.

ಬೀಗದೊಂದಿಗೆ ಬರುವ ಸುರುಳಿ ತಂತಿಯನ್ನು ಹ್ಯಾಂಡಲಿಗೆ ಸಿಕ್ಕಿಸಿಡಲೇಬೇಕು. ಲಾಕ್ ಇರುವುದನ್ನು ಮರೆತು ಗಾಡಿ ಚಲಾಯಿಸಿದರೆ ಬೀಳುವುದು ಮಾತ್ರವಲ್ಲ, ಡಿಸ್ಕ್ ಬಾಗುವ ಅಪಾಯವೂ ಇದೆ. ಡ್ರಮ್ ಬ್ರೇಕಿನ ಗಾಡಿಗಳಿಗೆ ಈ ಬೀಗ ಹಾಕಲು ಬರುವುದೇ ಇಲ್ಲ, ಅವಕ್ಕೆ ಸರಪಳಿಯೇ ದಾರಿ. ಬೀಗ ಯಾವುದೇ ಇರಲಿ, ವಿಮೆ ಬೇರೆಯೇ ವಿಷಯ: ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಕಳವಿಗೆ ಪರಿಹಾರ ಸಿಗುವುದಿಲ್ಲ. ಕೊಳ್ಳುವವರು ಅಂಗಡಿಯ ಮುಂದೆಯೇ ತಮ್ಮ ಬೈಕಿನ ಡಿಸ್ಕಿಗೆ ಹಾಕಿ ನೋಡಬೇಕು; ಡಿಸ್ಕಿನ ತೂತು ಚಿಕ್ಕದಾಗಿದ್ದರೆ ದಪ್ಪ ಪಿನ್ ಅದರೊಳಗೆ ಇಳಿಯುವುದಿಲ್ಲ, ಮತ್ತು ಬಿಚ್ಚಿದ ಪೆಟ್ಟಿಗೆಯನ್ನು ನಾನಾ ಪೇಠದಲ್ಲಿ ಹಿಂದಕ್ಕೆ ಪಡೆಯುವವರು ಕಡಿಮೆ.