ವೆಸ್ ಮೊದಲೋ, ಕಾರ್ಲ್ಟನ್ ಮೊದಲೋ?

ಬೆಳಗಾವಿಯ ಮಳೆ ಬಿಡದ ಸಂಜೆಗಳಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ) ನೆರಳಿರುವ ಜಾಝ್ ಗಿಟಾರ್ ಕೇಳಲು ಹೊರಟವರ ಮುಂದೆ ನಾನು ಅಮೆರಿಕದ ಇಬ್ಬರು ಗಿಟಾರ್ ವಾದಕರನ್ನು ಇಡುತ್ತೇನೆ: ವೆಸ್ ಮಾಂಟ್ಗೊಮರಿ ಮತ್ತು ಲ್ಯಾರಿ ಕಾರ್ಲ್ಟನ್.

ವೆಸ್ (1923–1968) ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸದೆ ಹೆಬ್ಬೆರಳಿನಿಂದಲೇ ತಂತಿ ಮೀಟುತ್ತಿದ್ದರು. ಹಾಗಾಗಿ ನಾದ ಮೆತ್ತಗೆ, ದುಂಡಗೆ ಬರುತ್ತದೆ. ಒಂದೇ ಸ್ವರವನ್ನು ಎರಡು ಸಪ್ತಕಗಳಲ್ಲಿ ಒಟ್ಟಿಗೆ ನುಡಿಸುವುದು ಅವರ ಗುರುತು. ಮುಂದೆ ಸ್ಮೂತ್ ಜಾಝ್ (ಜಾಝ್‌ನ ಮೃದುವಾದ ಬಗೆ) ನುಡಿಸಿದ ಗಿಟಾರ್ ವಾದಕರ ಮೇಲೆ ಅವರ ಪ್ರಭಾವ ದೊಡ್ಡದು.

1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಾರ್ಲ್ಟನ್ ಅವರ ಹೆಸರಿಗೆ ಗಿಬ್ಸನ್ ಇಎಸ್-335 ಗಿಟಾರ್ ಅಂಟಿಕೊಂಡೇ ಇದೆ. ಅವರು ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಏರುವಾಗ ನನಗೆ ಹಿಂದೂಸ್ತಾನಿಯ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಬಗೆ, ನೆನಪಾಗುತ್ತದೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಪಕ್ಕದಲ್ಲೇ ಇದೆ. ಎರಡು ಸ್ವರಗಳ ನಡುವಿನ ಜಾಗದಲ್ಲಿ ಭಾವ ಅಡಗಿರುತ್ತದೆಂಬುದು ಇಲ್ಲಿನ ಕಿವಿಗೆ ಹೊಸ ಮಾತಲ್ಲ. ಬ್ಲೂಸ್‌ನ ಗಾಂಧಾರವೂ (ಮೂರನೆಯ ಸ್ವರ ‘ಗ’) ಅದರ ತಗ್ಗಿದ ರೂಪವಾದ ಕೋಮಲಕ್ಕೂ ಶುದ್ಧಕ್ಕೂ ನಡುವೆ ತೂಗುತ್ತದೆ, ಎದೆ ಹಿಂಡುತ್ತದೆ. 1988ರಲ್ಲಿ ಗುಂಡೇಟಿನಿಂದ ತೀವ್ರವಾಗಿ ಗಾಯಗೊಂಡಿದ್ದ ಕಾರ್ಲ್ಟನ್ ಚೇತರಿಸಿಕೊಂಡು ಮತ್ತೆ ನುಡಿಸಿದರು. ಅದನ್ನು ತಿಳಿದ ಮೇಲೆ ನಾನು ಇನ್ನಷ್ಟು ಗಮನವಿಟ್ಟು ಕೇಳತೊಡಗಿದೆ.

ಹಿಂದೂಸ್ತಾನಿಯ ಖಯಾಲ್ ಗಾಯನ ಕೇಳಿ ಬೆಳೆದವರು ಕಾರ್ಲ್ಟನ್ ಅವರಿಂದ ಆರಂಭಿಸಲಿ. ಹಾಡಿನಂತೆ ಉಸಿರಾಡುವ ಗಿಟಾರ್ ಅದು. ತಬಲಾದ ಲಯಕ್ಕೆ ಮೊದಲು ತಲೆದೂಗುವವರಿಗೆ ವೆಸ್ ಸರಿ. ಆದರೆ ಅವರನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಹೆಬ್ಬೆರಳಿನ ಆ ಮಂದ್ರ ನಾದವೇ ಕಳೆದುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಇರಲಿ.