ಲಹ್ಬಾಬ್‌ನ ಕೆಂಪು ಮರಳಿನಲ್ಲಿ ಒಂದು ಸಂಜೆಯ ಸವಾರಿ

ದುಬೈನಿಂದ ಹತ್ತಾ ಕಡೆಗಿನ ರಸ್ತೆಯಲ್ಲಿ ಸಿಗುವ ಲಹ್ಬಾಬ್‌ನ ಮರಳುದಿಬ್ಬಗಳು ಕಬ್ಬಿಣದ ಆಕ್ಸೈಡ್‌ನಿಂದಾಗಿ ಕೆಂಪಾಗಿದ್ದು, ಸೂರ್ಯಾಸ್ತದ ಹೊತ್ತಿಗೆ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಮರಳಿಗೆ ಇಳಿಯುವ ಮೊದಲು ನಮ್ಮ ಚಾಲಕರು ಲ್ಯಾಂಡ್ ಕ್ರೂಸರ್‌ನ ನಾಲ್ಕೂ ಚಕ್ರಗಳ ಗಾಳಿಯನ್ನು ಸುಮಾರು 15 ಪಿಎಸ್‌ಐಗೆ ಇಳಿಸಿ, ಟೈರು ಅಗಲವಾಗಿ ಹರಡಿಕೊಂಡರೆ ಭಾರ ಹಂಚಿಹೋಗಿ ವಾಹನ ಸುಲಭವಾಗಿ ಹೂತುಕೊಳ್ಳುವುದಿಲ್ಲವೆಂದು ತಾಳ್ಮೆಯಿಂದ ವಿವರಿಸಿದರು; ಇಡೀ ಸಂಜೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರ ಈ ಎಚ್ಚರಿಕೆಯೇ. ದಿಬ್ಬದ ನೆತ್ತಿಯಿಂದ ಓರೆಯಾಗಿ ಜಾರುವಾಗ ಹೊಟ್ಟೆಯಲ್ಲಿ ತಳಮಳವಾಗುವುದರಿಂದ ಮಧ್ಯಾಹ್ನದ ಊಟ ಮಿತವಾಗಿರಲಿ. ಬೆನ್ನುನೋವಿರುವವರೂ ಗರ್ಭಿಣಿಯರೂ ಈ ಸವಾರಿಗೆ ಹೋಗಲೇಬಾರದು. ಸೂರ್ಯ ಮುಳುಗುವ ಮುನ್ನ ಕೇವಲ 10 ನಿಮಿಷ ನಿಲ್ಲಿಸಿ, ಶಿಬಿರದ ಊಟಕ್ಕೆಂದು ನಮ್ಮನ್ನು ಅವಸರಪಡಿಸಿದ್ದು ಮಾತ್ರ ಸರಿಯೆನಿಸಲಿಲ್ಲ, ಏಕೆಂದರೆ ಆ ಬೆಳಕನ್ನು ಕಣ್ತುಂಬಿಕೊಳ್ಳಲೆಂದೇ ನಾವು ಅಷ್ಟು ದೂರ ಹೋಗಿದ್ದೆವು.