ಮುಟ್ಟು ಹಗುರಾಗಬೇಕೆಂದರೆ: ಮಾಲಾ, ಛಾಯಾ, ಅಂತರಾ, ಹಾರ್ಮೋನ್ ವಂಕಿ

ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ರಾತ್ರಿ ಹಾಸಿಗೆಯ ಮೇಲೆ ಹಳೆ ಸೀರೆ ಮಡಚಿ ಹಾಕಿಕೊಂಡೇ ಮಲಗಬೇಕು. ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಗಡ್ಡೆಗಳು ಬೀಳುತ್ತವೆ, ಏಳು ದಿನ ಕಳೆದರೂ ನಿಲ್ಲುವುದಿಲ್ಲ. ಇದನ್ನು ‘ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ’ ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ. ಇದು ಅತಿಸ್ರಾವ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಊಟದ ಕೊರತೆಯ ಜೊತೆಗೆ ತಿಂಗಳು ತಿಂಗಳು ಹೀಗೆ ಹರಿದುಹೋಗುವ ರಕ್ತವೂ ಅದಕ್ಕೆ ಕಾರಣ.

ಗರ್ಭನಿರೋಧಕಗಳಲ್ಲಿ ಕೆಲವು ಈ ಸ್ರಾವವನ್ನು ಕಡಿಮೆ ಮಾಡುತ್ತವೆ, ಕೆಲವು ಮುಟ್ಟನ್ನೇ ನಿಲ್ಲಿಸುತ್ತವೆ. ನಮ್ಮಲ್ಲಿ ಸುಲಭವಾಗಿ ಸಿಗುವ ನಾಲ್ಕನ್ನು (ಮಾಲಾ ಮಾತ್ರೆ, ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ) ಬಳಸಿ ನೋಡಿ, ಬಳಸುವವರ ಜೊತೆಗಿದ್ದು ನೋಡಿ ಬರೆದ ಹೋಲಿಕೆ ಇದು. ನಾಲ್ಕಕ್ಕೂ ಒಂದು ಮಾತು ಅನ್ವಯಿಸುತ್ತದೆ: ಮೊದಲ ಮೂರು ತಿಂಗಳು ಹೇಗಿರುತ್ತದೆ ಎಂದು ಮುಂಚೆಯೇ ತಿಳಿದಿರಬೇಕು. ‘ಒಗ್ಗಲಿಲ್ಲ’ ಎಂದು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಆ ಮೂರು ತಿಂಗಳೊಳಗೆ, ಗುಣ ಕಾಣುವ ಹೊತ್ತಿಗೆ ಸ್ವಲ್ಪ ಮೊದಲು.

ಯಾವುದರಿಂದ ಹಗುರಾಗುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ತಾಮ್ರದ ವಂಕಿ, ಅಂದರೆ ಕಾಪರ್-ಟಿ, ಗರ್ಭ ತಡೆಯಲು ಒಳ್ಳೆಯದೇ. 380ಎ ಹತ್ತು ವರ್ಷ, 375 ಐದು ವರ್ಷ ಕೆಲಸ ಮಾಡುತ್ತದೆ. ಆದರೆ ಅದು ಸ್ರಾವವನ್ನು ಹೆಚ್ಚಿಸುತ್ತದೆ, ಹೊಟ್ಟೆನೋವನ್ನೂ ಕೂಡ. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಂದ ಮುಟ್ಟಿನಲ್ಲಿ ಏನೂ ಬದಲಾಗುವುದಿಲ್ಲ, ಅಲ್ಲಿ ಕಟ್ಟುವುದು ನಳಿಕೆಯನ್ನು, ಗರ್ಭಕೋಶ ಹಾಗೇ ಇರುತ್ತದೆ. ಸಂಬಂಧದ ನಂತರ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ತಾರೀಖನ್ನು ಹಿಂದೆಮುಂದೆ ಮಾಡುತ್ತದೆ, ಅಷ್ಟೇ.

‘ಮುಟ್ಟು ಬರದಿದ್ದರೆ ಕೆಟ್ಟ ರಕ್ತ ಒಳಗೇ ನಿಂತುಬಿಡುತ್ತೆ’ ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ, ಹಾಗಾಗಿ ಅದಕ್ಕೂ ಉತ್ತರ ಕೊಡಬೇಕು. ಪ್ರತಿ ತಿಂಗಳು ಗರ್ಭಕೋಶದ ಒಳಪದರ ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಕಳಚಿ ಹೊರಬರುತ್ತದೆ. ಅದೇ ಮುಟ್ಟು. ಹಾರ್ಮೋನ್ ಮಾತ್ರೆ, ಚುಚ್ಚುಮದ್ದು, ವಂಕಿ ಇವು ಆ ಪದರವನ್ನು ತೆಳ್ಳಗೇ ಇಡುತ್ತವೆ. ಕಳಚಲು ಏನೂ ಬೆಳೆದಿಲ್ಲವಾದ್ದರಿಂದ ಒಳಗೆ ನಿಲ್ಲಲೂ ಏನಿಲ್ಲ. ಔಷಧಿ ಏನೂ ಇಲ್ಲದೆ ಮೂರು ತಿಂಗಳು ಮುಟ್ಟು ಬರದಿದ್ದರೆ ಮಾತ್ರ ಅದು ಬೇರೆ ವಿಷಯ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇದ್ದವರಲ್ಲಿ ಪದರ ದಪ್ಪವಾಗುತ್ತಲೇ ಹೋಗಿರಬಹುದು, ಅದನ್ನು ತೋರಿಸಲೇಬೇಕು.

ಈಗ ಮಾಲಾ-ಎನ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಆಶಾ ಕಾರ್ಯಕರ್ತೆಯರ ಹತ್ತಿರವೂ ಸಿಗುತ್ತದೆ. ಮಾಲಾ-ಡಿಯಲ್ಲಿರುವುದೂ ಅದೇ ಔಷಧಿ. ಒಂದು ಸ್ಟ್ರಿಪ್‌ನಲ್ಲಿ 28 ಮಾತ್ರೆ: 21 ಬಿಳಿ, 7 ಕಂದು. ಬಿಳಿಯದರಲ್ಲಿ ಎರಡು ಹಾರ್ಮೋನ್: 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಾಡಯೋಲ್ ಎಂಬ ಈಸ್ಟ್ರೋಜನ್. ಕಂದು ಮಾತ್ರೆ ಬರೀ ಕಬ್ಬಿಣ. ಕಂದು ಮಾತ್ರೆ ತೆಗೆದುಕೊಳ್ಳುವ ವಾರದಲ್ಲಿ ಬರುವ ಸ್ರಾವ ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಂತದ್ದಕ್ಕೆ ಪದರ ಉದುರಿದ್ದು. ದೇಹಕ್ಕೆ ಅದರ ಅಗತ್ಯವಿಲ್ಲ. ಅಮೆರಿಕದಲ್ಲಿ 84 ದಿನ ಬಿಡದೆ ತೆಗೆದುಕೊಳ್ಳುವ ಮಾತ್ರೆಗೆ 2003ರಲ್ಲೇ ಒಪ್ಪಿಗೆ ಸಿಕ್ಕಿದೆ.

ಮಾಮೂಲಿ ಕ್ರಮದಲ್ಲಿ ತೆಗೆದುಕೊಂಡರೂ ಸ್ರಾವ ಕಡಿಮೆಯಾಗುತ್ತದೆ, ನೋವೂ ಇಳಿಯುತ್ತದೆ. ಮುಟ್ಟಿನ ಸಂಖ್ಯೆಯೇ ಕಡಿಮೆಯಾಗಬೇಕೆಂದರೆ 21 ಬಿಳಿ ಮುಗಿದ ಮರುದಿನವೇ ಹೊಸ ಸ್ಟ್ರಿಪ್‌ನ ಬಿಳಿ ಮಾತ್ರೆ ಶುರು ಮಾಡಬೇಕು. ಹೀಗೆ ನಾಲ್ಕು ಸ್ಟ್ರಿಪ್, ಒಟ್ಟು 84 ದಿನ. ಆಮೇಲೆ 4 ದಿನ ಬಿಡುವು, ಐದನೆಯ ದಿನ ಸ್ರಾವ ಇನ್ನೂ ಇದ್ದರೂ ಮತ್ತೆ ಶುರು. ಬಿಡುವು ಯಾವ ಕಾರಣಕ್ಕೂ ಏಳು ದಿನ ದಾಟಬಾರದು, ದಾಟಿದರೆ ಗರ್ಭ ನಿಲ್ಲುವ ಸಾಧ್ಯತೆಯಿದೆ. ಈ ಲೆಕ್ಕದಲ್ಲಿ ವರ್ಷಕ್ಕೆ 13 ಸ್ಟ್ರಿಪ್ ಸಾಲದು, ಸುಮಾರು 17 ಬೇಕು. ಆಶಾ ಅವರಿಗೆ ಮೊದಲೇ ಹೇಳಿಟ್ಟರೆ ನಡುವೆ ಖಾಲಿಯಾಗಿ ಪರದಾಡುವುದು ತಪ್ಪುತ್ತದೆ. ಕಂದು ಮಾತ್ರೆ ಎಸೆಯಬೇಡಿ. ರಕ್ತ ಕಡಿಮೆಯಿದ್ದರೆ ಬಿಳಿ ಮಾತ್ರೆಯ ಜೊತೆಗೇ ದಿನಕ್ಕೊಂದರಂತೆ ತೆಗೆದುಕೊಳ್ಳಬಹುದು. ನಿಂಬೆ ಪಾನಕದ ಜೊತೆ ಒಳ್ಳೆಯದು, ಕಾಫಿ–ಟೀ ಜೊತೆ ಬೇಡ.

ಹೀಗೆ ಬಿಡದೆ ತೆಗೆದುಕೊಳ್ಳುವಾಗ ತೊಂದರೆ ಕೊಡುವುದು ನಡುನಡುವೆ ಬೀಳುವ ಕಲೆ. ಪದರ ತೀರಾ ತೆಳುವಾಗಿ ಅಲ್ಲಲ್ಲಿ ಒಡೆಯುವುದರಿಂದ ಹಾಗಾಗುತ್ತದೆ. ಎರಡನೆಯ, ಮೂರನೆಯ ಸ್ಟ್ರಿಪ್‌ನಲ್ಲಿ ಇದು ಸಾಮಾನ್ಯ, ಆರು ತಿಂಗಳ ಹೊತ್ತಿಗೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಕಲೆ ನಾಲ್ಕೈದು ದಿನ ಬಿಡದೆ ಬಿದ್ದರೆ, ಕನಿಷ್ಠ 21 ಬಿಳಿ ಮಾತ್ರೆ ಮುಗಿದಿದ್ದರೆ ಮಾತ್ರ, ಅಲ್ಲೇ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ. ಎರಡೋ ಹೆಚ್ಚೋ ಮರೆತರೆ ಒಂದನ್ನು ತಕ್ಷಣ ತೆಗೆದುಕೊಂಡು ಮುಂದುವರಿಸಿ, ಏಳು ದಿನ ಕಾಂಡೋಮ್ ಬಳಸಿ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು.

ಮಾಲಾ ಎಲ್ಲರಿಗೂ ಆಗುವುದಿಲ್ಲ. ಬಿಪಿ 140/90 ಅಥವಾ ಹೆಚ್ಚಿದ್ದವರು, ಕಣ್ಣ ಮುಂದೆ ಮಿಂಚು ಕಂಡು ಅರೆತಲೆನೋವು ಬರುವವರು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಆಗಿದ್ದವರು, ಲಿವರ್ ಕಾಯಿಲೆಯಿರುವವರು, 35 ದಾಟಿ ಸಿಗರೇಟ್ ಸೇದುವವರು, ಆರು ತಿಂಗಳೊಳಗಿನ ಮಗುವಿಗೆ ಎದೆಹಾಲು ಕೊಡುತ್ತಿರುವವರು ಇದನ್ನು ಮುಟ್ಟಬಾರದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಬಿಪಿ ನೋಡಿಸದೆ ಮೆಡಿಕಲ್ ಶಾಪ್‌ನಿಂದ ನೇರ ತಂದು ಶುರು ಮಾಡುವುದು ಬೇಡವೇ ಬೇಡ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಎದೆನೋವು, ಉಬ್ಬಸ, ಕಂಡರಿಯದ ತಲೆನೋವು ಬಂದರೆ ಮಾತ್ರೆ ನಿಲ್ಲಿಸಿ ಆವತ್ತೇ ಆಸ್ಪತ್ರೆಗೆ ಹೋಗಬೇಕು.

ಛಾಯಾ ಇದಕ್ಕೆ ತೀರಾ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ 30 ಮಿಲಿಗ್ರಾಂನ ಮಾತ್ರೆ, ಇದರಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಇಲ್ಲ. ಅಂಗಡಿಯಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಮುಟ್ಟಾದ ಮೊದಲ ದಿನ ಒಂದು, ನಾಲ್ಕನೆಯ ದಿನ ಇನ್ನೊಂದು. ಮೊದಲ ದಿನ ಭಾನುವಾರವಾದರೆ ಮೂರು ತಿಂಗಳು ಭಾನುವಾರ–ಬುಧವಾರ, ಆಮೇಲೆ ಬರೀ ಭಾನುವಾರ. ವಾಕರಿಕೆ, ತಲೆನೋವು ಇದರಲ್ಲಿ ಕಡಿಮೆ, ಎದೆಹಾಲು ಕೊಡುವವರಿಗೂ ಆಗುತ್ತದೆ. ಸ್ರಾವ ಹಗುರಾಗುತ್ತದೆ, ಮುಟ್ಟಿನ ಅಂತರವೂ ಹೆಚ್ಚುತ್ತದೆ. ಆದರೆ ತಾರೀಖು ನಮ್ಮ ಕೈಯಲ್ಲಿರುವುದಿಲ್ಲ, ಮೊದಲ ಮೂರು ತಿಂಗಳಂತೂ ಯಾವಾಗ ಬರುತ್ತದೆಂದು ಹೇಳಲಾಗದು. 15 ದಿನಕ್ಕಿಂತ ಹೆಚ್ಚು ತಡವಾದರೆ ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ಮರೆತು ಏಳು ದಿನ ದಾಟಿದರೆ ವಾರಕ್ಕೆರಡರ ಲೆಕ್ಕದಿಂದ ಹೊಸದಾಗಿ ಶುರು ಮಾಡಬೇಕು. ವಾರಕ್ಕೊಂದು ಎಂಬುದೇ ಮರೆವಿಗೆ ದಾರಿ, ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಸುತ್ತು ಹಾಕಿಡಿ. ಪಿಸಿಓಎಸ್ ಇದ್ದವರಿಗೆ, ಇತ್ತೀಚೆಗೆ ಕಾಮಾಲೆಯಾದವರಿಗೆ ಇದು ಬೇಡ. ಸ್ವಲ್ಪ ಹಗುರಾದರೆ ಸಾಕು ಎನ್ನುವವರಿಗೆ ಛಾಯಾ ಸರಿ, ಪ್ಯಾಡ್ ತೊಯ್ದು ಹರಿಯುವವರಿಗೆ ಇದೊಂದನ್ನೇ ನಂಬಿಕೊಳ್ಳಿ ಎನ್ನಲು ಮನಸ್ಸು ಬರುವುದಿಲ್ಲ.

ಅಂತರಾ ಚುಚ್ಚುಮದ್ದು 2017ರಿಂದ ಸರ್ಕಾರಿ ಯೋಜನೆಯಲ್ಲಿದೆ. ಮೂರು ತಿಂಗಳಿಗೊಮ್ಮೆ, ತೋಳಿಗೆ ಅಥವಾ ಸೊಂಟಕ್ಕೆ. ಹಾಕಿಸಿಕೊಂಡ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು. ಉಜ್ಜಿದರೆ ಔಷಧಿ ಬೇಗ ಕರಗಿ ಮೂರು ತಿಂಗಳು ಬಾಳುವುದಿಲ್ಲ. ಮುಂದಿನ ಡೋಸ್ ಎರಡು ವಾರ ಮುಂಚೆ ಅಥವಾ ನಾಲ್ಕು ವಾರ ತಡವಾಗಿಯೂ ಆಗಬಹುದು. ಮೊದಲ ಎರಡು ಡೋಸ್‌ಗಳಲ್ಲಿ ದಿನಗಟ್ಟಲೆ ಕಲೆ ಬೀಳುವುದು ಮಾಮೂಲು, ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟೇ ನಿಲ್ಲುತ್ತದೆ. ಮುಟ್ಟು ನಿಲ್ಲಿಸುವುದರಲ್ಲಿ ಇದು ಮಾಲಾ, ಛಾಯಾ ಎರಡಕ್ಕಿಂತ ಮೇಲು. ಆದರೆ ಒಮ್ಮೆ ಒಳಗೆ ಹೋದದ್ದನ್ನು ವಾಪಸ್ ತೆಗೆಯಲಾಗದು. ತೂಕ ಹೆಚ್ಚಿದರೂ, ಮನಸ್ಸು ಕುಗ್ಗಿದರೂ ಅದರ ಪ್ರಭಾವ ಇಳಿಯುವವರೆಗೆ ಕಾಯಬೇಕು. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಡೋಸ್‌ನಿಂದ 7–10 ತಿಂಗಳು ಹಿಡಿಯುವುದುಂಟು. ಮುಂದಿನ ವರ್ಷ ಮಗು ಬೇಕೆಂದಿರುವವರು ಇದನ್ನು ಆರಿಸಿಕೊಳ್ಳಬೇಡಿ. ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ವೈದ್ಯರ ಜೊತೆ ಕೂತು ಮುಂದುವರಿಸಬೇಕೋ ಬೇಡವೋ ನೋಡಬೇಕು.

ಸ್ರಾವ ತಗ್ಗಿಸುವುದರಲ್ಲಿ ಉಳಿದ ಮೂರನ್ನೂ ಮೀರಿಸಿದ್ದು ಹಾರ್ಮೋನ್ ವಂಕಿ. ನೋಡಲು ಕಾಪರ್-ಟಿಯಂತೆಯೇ ‘ಟಿ’ ಆಕಾರ, 32 ಮಿಲಿಮೀಟರ್ ಉದ್ದ. ತಾಮ್ರದ ತಂತಿಯ ಬದಲು ಕಾಂಡದ ಸುತ್ತ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ತುಂಬಿದ ಕವಚ ಇರುತ್ತದೆ, ಮೊದಮೊದಲು ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಒಸರುತ್ತದೆ. ಮಿರೇನಾ ಎಂಬ ಹೆಸರು ಹೆಚ್ಚು ಪರಿಚಿತ, ನಮ್ಮ ದೇಶದಲ್ಲೇ ತಯಾರಾಗುವ ಎಮಿಲಿ, ಎಲೋಯಿರಾ ಕೂಡ ಇವೆ. ಔಷಧಿ ಕೆಲಸ ಮಾಡುವುದು ಗರ್ಭಕೋಶದ ಒಳಗೇ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಈಸ್ಟ್ರೋಜನ್ ಇಲ್ಲದ್ದರಿಂದ ಬಿಪಿ ಇದ್ದವರಿಗೂ ಆಗುತ್ತದೆ. ಅತಿಸ್ರಾವದಲ್ಲಿ ಹೋಗುವ ರಕ್ತ ಮೂರು ತಿಂಗಳಲ್ಲಿ ಸುಮಾರು ನೂರಕ್ಕೆ 80ರಷ್ಟು, ವರ್ಷದಲ್ಲಿ 90ಕ್ಕೂ ಹೆಚ್ಚು ಇಳಿಯುತ್ತದೆ. ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಮುಟ್ಟೇ ನಿಲ್ಲುತ್ತದೆ. ಅಂಡಾಶಯ ಬಹುಪಾಲು ತನ್ನ ಕೆಲಸ ಮಾಡುತ್ತಲೇ ಇರುವುದರಿಂದ ತಿಂಗಳ ಮುನ್ನಿನ ಸಿಡುಕು, ಎದೆಭಾರ ಉಳಿಯಬಹುದು. ಅದನ್ನು ಕಂಡು ವಂಕಿ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಬೇಡಿ.

ಹಾಕಿಸಿಕೊಳ್ಳುವ ದಿನ ಒಂದು ಗಂಟೆ ಮೊದಲು ವೈದ್ಯರು ಹೇಳಿದ ನೋವಿನ ಮಾತ್ರೆ ತೆಗೆದುಕೊಳ್ಳಿ, ಹೊಟ್ಟೆಗೆ ಏನಾದರೂ ತಿಂದು ಹೋಗಿ. ಒಳಗಿನ ಅಳತೆ ತೆಗೆಯುವಾಗ, ವಂಕಿ ಕೂರಿಸುವಾಗ ಜೋರಾಗಿ ಹಿಂಡಿದಂತಾಗುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಕಾಲು ಗಂಟೆ ಮಲಗಿದ್ದು ಎದ್ದರೆ ಸರಿಹೋಗುತ್ತದೆ. ಆಮೇಲೆ ಶುರುವಾಗುವುದು ನಿಜವಾದ ಪರೀಕ್ಷೆ: ಮೂರರಿಂದ ಆರು ತಿಂಗಳು ದಿನ ಬಿಟ್ಟು ದಿನ ಕಂದು ಕಲೆ. ಇಷ್ಟು ಖರ್ಚು ಮಾಡಿ ಹೀಗಾಯಿತಲ್ಲ ಎಂದು ತೆಗೆಸಿಬಿಡುವವರು ಇದ್ದಾರೆ. ದಯವಿಟ್ಟು ಆರು ತಿಂಗಳು ತಡೆಯಿರಿ. ಇಪ್ಪತ್ತರಲ್ಲಿ ಒಬ್ಬರಿಗೆ ವಂಕಿ ತಾನಾಗಿ ಜಾರಿ ಹೊರಬೀಳುತ್ತದೆ, ಭಾರಿ ಸ್ರಾವವಿದ್ದಾಗ ಇನ್ನೂ ಹೆಚ್ಚು. ಆದ್ದರಿಂದ ತಿಂಗಳಿಗೊಮ್ಮೆ ಬೆರಳಿನಿಂದ ದಾರ ಮುಟ್ಟಿ ನೋಡಿಕೊಳ್ಳಿ. ಹಗುರಾಗಿದ್ದ ಮುಟ್ಟು ಇದ್ದಕ್ಕಿದ್ದಂತೆ ಜೋರಾದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಮುಟ್ಟಿನ ಕಪ್ ಬಳಸುವವರು ಎಳೆಯುವ ಮೊದಲು ಅದರ ಅಂಚನ್ನು ಒತ್ತಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಕಪ್ ಜೊತೆ ವಂಕಿಯೂ ಬಂದೀತು.

ತೋಳಿನ ಚರ್ಮದಡಿ ಇಡುವ ಕಡ್ಡಿ ರಾಜ್ಯದ ಆಯ್ದ ಕೆಲವು ಕಡೆ ಬಂದಿದೆ. ಗರ್ಭ ತಡೆಯಲು ಗಟ್ಟಿ, ಆದರೆ ಸ್ರಾವ ಹೇಗಿರುತ್ತದೆಂದು ಊಹಿಸಲಾಗದು. ಹಗುರಾಗಲೆಂದು ಅದನ್ನು ಆರಿಸುವುದಕ್ಕಿಲ್ಲ.

ಧರ್ಮಸ್ಥಳ, ತಿರುಪತಿ, ಮನೆಯ ಮದುವೆ ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ‘ಡೇಟ್ ಮುಂದೆ ಹಾಕುವ ಮಾತ್ರೆ’ ನೊರೆಥಿಸ್ಟೆರೋನ್. 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿನಿಂದ. ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಬರುತ್ತದೆ. ಹೀಗೆ ತೆಗೆದುಕೊಂಡಾಗ ಇದು ಗರ್ಭನಿರೋಧಕವಲ್ಲ. ಹೆಪ್ಪುಗಟ್ಟುವ ಕಾಯಿಲೆ ಇದ್ದವರಿಗೆ ಅಪಾಯ, ಏಕೆಂದರೆ ಇದರ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಆಗುತ್ತದೆ. ಮಾಲಾ ತೆಗೆದುಕೊಳ್ಳುವವರಿಗೆ ಇದು ಬೇಕಾಗಿಯೇ ಇಲ್ಲ. ಕಂದು ಬಿಟ್ಟು ಬಿಳಿ ಮುಂದುವರಿಸಿದರೆ ಆಯಿತು.

ಯಾವುದನ್ನು ಶುರು ಮಾಡುವ ಮೊದಲೂ ಗರ್ಭದ ಪರೀಕ್ಷೆ, ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. 45 ದಾಟಿದ ಮೇಲೆ ಸ್ರಾವ ಹೆಚ್ಚಿದರೆ, ಮುಟ್ಟಿಲ್ಲದ ದಿನವೂ ಅಥವಾ ಸಂಬಂಧದ ನಂತರವೂ ರಕ್ತ ಕಂಡರೆ ಮೊದಲು ಸ್ಕ್ಯಾನ್, ಬೇಕಾದರೆ ಪದರದ ಚೂರು ತೆಗೆದು ಪರೀಕ್ಷೆ, ಆಮೇಲೆ ಔಷಧಿ. ಆ ಪರೀಕ್ಷೆಗಳಲ್ಲಿ ಕೆಟ್ಟದ್ದೇನೂ ಸಿಗದಿದ್ದರೂ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದು ಯಾರಾದರೂ ಹೇಳಿದರೆ, ಹಾರ್ಮೋನ್ ವಂಕಿ ಹಾಕಿ ಆರು ತಿಂಗಳು ನೋಡಬಹುದಲ್ಲವೇ ಎಂದು ಕೇಳಿ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗೆಡ್ಡೆಗಳು ಬೆಳೆದಿಲ್ಲದ ಅತಿಸ್ರಾವಕ್ಕೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಮೊದಲು ಹೇಳುವುದೂ ಅದನ್ನೇ. ಹೋಗುವಾಗ ಗೋಡೆ ಕ್ಯಾಲೆಂಡರ್‌ನ ಮೂರು ತಿಂಗಳ ಹಾಳೆ ಕೈಯಲ್ಲಿರಲಿ: ಸ್ರಾವದ ದಿನಕ್ಕೆ ಅಡ್ಡಗೆರೆ, ಬರೀ ಕಲೆ ಬಿದ್ದ ದಿನಕ್ಕೆ ಚುಕ್ಕೆ, ಪಕ್ಕದಲ್ಲಿ ಆ ದಿನ ಪೂರ್ತಿ ತೊಯ್ದ ಪ್ಯಾಡ್ ಎಷ್ಟೆಂಬ ಅಂಕಿ.